ಕಸೂತಿ ನಕ್ಷೆಯ ಫೈಲು ನನ್ನದೆಂದು ಸಾಬೀತು ಮಾಡುವುದು ಹೇಗೆ? ಡಿಜಿಟಲ್ ಸಹಿ ಸಾಕೇ, ಟೈಮ್‌ಸ್ಟಾಂಪ್ ಬೇಕೇ?

ಗವಂತಿ (ಕೋತ್ರೂಡ್, ಪುಣೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು, ಮದುವೆಯಾದಂದಿನಿಂದ ಪುಣೆಯಲ್ಲಿದ್ದೇನೆ. ಕಸೂತಿಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಚೌಕುಳಿಯ ಮೇಲೆ ಬಿಡಿಸಿ, ಕೈಯಲ್ಲಿ ಹಾಕುವವರಿಗೆ ಪಿಡಿಎಫ್ ರೂಪದಲ್ಲಿಯೂ ಎಂಬ್ರಾಯಿಡರಿ ಯಂತ್ರವಿರುವವರಿಗೆ ಡಿಎಸ್‌ಟಿ ರೂಪದಲ್ಲಿಯೂ ಮಾರುತ್ತೇನೆ. (ಯಂತ್ರದಲ್ಲಿ ಹಾಕಿದ್ದನ್ನು ಕಸೂತಿ ಎನ್ನಬಹುದೇ ಎಂಬ ಜಗಳ ನಮ್ಮ ಮನೆಯಲ್ಲಿಯೇ ಇದೆ, ಇಲ್ಲಿ ಅದು ಬೇಡ.) ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಇವು ಯಾವುವೂ ನನ್ನವಲ್ಲ, ನಮ್ಮ ಅಜ್ಜಿಯಂದಿರಿಗಿಂತ ಹಿಂದಿನವು. ಆದರೆ ಇಳಕಲ್ ಸೆರಗಿನ ಅಳತೆಗೆ ಅವುಗಳನ್ನು ಹೊಂದಿಸುವುದು, ಗವಂತಿ ಹೊಲಿಗೆಯ ಎಳೆ ಹೋದ ದಾರಿಯಲ್ಲಿಯೇ ತಿರುಗಿ ಬರುವಾಗ ಎಲ್ಲಿಯೂ ಖಾಲಿ ಉಳಿಯದಂತೆ ಗೆರೆಯನ್ನು ಮೊದಲೇ ಯೋಚಿಸಿಡುವುದು, ಅಂಚು ಮೂಲೆಯಲ್ಲಿ ಹೊರಳುವಲ್ಲಿ ಹೊಸ ಜೋಡಣೆ ಮಾಡುವುದು, ಇವು ನನ್ನ ಕೆಲಸ, ಮತ್ತು ಇವಕ್ಕೆ ವಾರಗಳೇ ಹಿಡಿಯುತ್ತವೆ.

ಇಲ್ಲಿಯ ಒಂದು ಬುಟಿಕ್‌ನವರು ಮಾದರಿ ನೋಡಬೇಕೆಂದು ಕೇಳಿದಾಗ ಒಂದು ಸೆರಗಿನ ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ವ್ಯವಹಾರ ಕುದುರಲಿಲ್ಲ. ಈಗ ಅದೇ ನಕ್ಷೆ, ಕೆಳಗಿದ್ದ ನನ್ನ ಹೆಸರನ್ನು ಕತ್ತರಿಸಿಕೊಂಡು, ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ವಿಚಾರಿಸಿದರೆ, ಇದು ತಮ್ಮ ಡಿಸೈನರ್ ಮೊದಲೇ ಬರೆದದ್ದೆಂದೂ, ನಿಮ್ಮದೆನ್ನುವುದಕ್ಕೆ ಪುರಾವೆ ಏನಿದೆಯೆಂದೂ ನನ್ನನ್ನೇ ಕೇಳಿದರು. ಪುರಾವೆಗೆಂದು ಫೈಲಿನ ವಿವರ ತೆರೆದು ನೋಡಿದರೆ, ಹೊಸ ಲ್ಯಾಪ್‌ಟಾಪಿಗೆ ನಕಲು ಮಾಡಿದ ದಿನವೇ ಅದರ ಹುಟ್ಟಿದ ದಿನವೆಂದು ವಿಂಡೋಸ್ ತೋರಿಸುತ್ತಿದೆ, ಅಂದರೆ ಅವರು ಮಾರಾಟಕ್ಕೆ ಇಟ್ಟ ದಿನಕ್ಕಿಂತಲೂ ಈಚಿನದು.

ನಮ್ಮ ಯಜಮಾನರ ಬಳಿ ಆಡಿಟ್ ಕೆಲಸದ ಡಿಎಸ್‌ಸಿ (ಡಿಜಿಟಲ್ ಸಹಿಯ ಪ್ರಮಾಣಪತ್ರ) ಇರುವ ಯುಎಸ್‌ಬಿ ಟೋಕನ್ ಇದೆ, ಅದರಿಂದ ಸಹಿ ಹಾಕಿಬಿಡು ಎನ್ನುತ್ತಾರೆ. ಒಬ್ಬರು ಟೈಮ್‌ಸ್ಟಾಂಪ್ ಎಂದರು, ಇನ್ನೊಬ್ಬರು ಬ್ಲಾಕ್‌ಚೈನ್ ಎಂದರು, ನಮ್ಮ ಮಾವನವರು ಪೆನ್‌ಡ್ರೈವನ್ನು ನಿನಗೆ ನೀನೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಒಡೆಯದೆ ಇಡು ಎಂದರು. ಇವುಗಳಲ್ಲಿ ನಿಲ್ಲುವುದು ಯಾವುದು? ಯಾರದೋ ಸರ್ವರಿಗೆ ಪೂರ್ತಿ ಫೈಲು ಕಳಿಸಬೇಕಾದರೆ ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಸಹಿಪುಟ (ಠಾಣೆ) ಬರೆದದ್ದು:

ಮೇಡಂ, ನಾನು ಸಾಲಪತ್ರಗಳಿಗೆ ಡಿಜಿಟಲ್ ಸಹಿ ಹಾಕಿಸುವ ತಂತ್ರಾಂಶದ ಕೆಲಸದಲ್ಲಿದ್ದೇನೆ. ನೀವು ಒಂದಾಗಿ ಕೇಳಿದ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಈ ಫೈಲು ಇಂಥ ದಿನಕ್ಕಾಗಲೇ ಇತ್ತೇ ಎಂಬುದು ಒಂದು, ಅದಕ್ಕೆ ತನ್ನ ಹೆಸರನ್ನು ಕೊಟ್ಟು ನಿಂತವರು ಯಾರು ಎಂಬುದು ಇನ್ನೊಂದು, ಅದರ ಹಕ್ಕು ಯಾರದು ಎಂಬುದು ಮೂರನೆಯದು. ಟೈಮ್‌ಸ್ಟಾಂಪ್ ಮೊದಲನೆಯದಕ್ಕೆ ಉತ್ತರ, ಸಹಿ ಎರಡನೆಯದಕ್ಕೆ. ಮೂರನೆಯದಕ್ಕೆ ಉತ್ತರ ಕೊಡುವ ತಂತ್ರಾಂಶ ಇಲ್ಲ. ಬೇಕಾದರೆ ನಾನು ಇವತ್ತೇ ಯಾವುದೋ ವಸ್ತುಸಂಗ್ರಹಾಲಯದ ಚಂದ್ರಕಾಳಿ ಸೀರೆಯ ಚಿತ್ರ ಇಳಿಸಿಕೊಂಡು, ನನ್ನ ಡಿಎಸ್‌ಸಿಯಿಂದ ಸಹಿ ಮಾಡಿ, ಪರವಾನಗಿ ಇರುವ ಸಂಸ್ಥೆಯಿಂದ ಟೈಮ್‌ಸ್ಟಾಂಪ್ ಪಡೆಯಬಹುದು. ಎಲ್ಲವೂ ಹಸಿರು ಗುರುತು ತೋರಿಸುತ್ತದೆ, ಆದರೂ ಆ ಸೀರೆ ನನ್ನದಾಗುವುದಿಲ್ಲ. ಹಾಗಾಗಿ ಈ ಸಾಧನಗಳನ್ನು ಮಾಲೀಕತ್ವದ ಪತ್ರವೆಂದು ಮಾರುವವರನ್ನು ದೂರವಿಡಿ, ಆದರೆ ಸಾಧನಗಳನ್ನು ದೂರವಿಡಬೇಡಿ, ಏಕೆಂದರೆ ನಿಮ್ಮ ಜಗಳ ಈಗ ನಿಂತಿರುವುದೇ 'ಮೊದಲು ಯಾರ ಬಳಿ ಇತ್ತು' ಎಂಬುದರ ಮೇಲೆ.

ಕೆಲಸ ಹೇಗೆ ನಡೆಯುತ್ತದೆಂದರೆ, ಫೈಲಿನ ಪ್ರತಿಯೊಂದು ಬೈಟನ್ನೂ ಅರೆದು ಎಸ್‌ಎಚ್‌ಎ-256 ಎಂಬ ಲೆಕ್ಕ 64 ಅಕ್ಷರ-ಅಂಕಿಗಳ ಒಂದು ಸಾಲನ್ನು ಕೊಡುತ್ತದೆ, ಇದನ್ನು ಹ್ಯಾಶ್ ಎನ್ನುತ್ತಾರೆ. ನಿಮ್ಮ ತೇರಿನ ಕಳಶದಲ್ಲಿ ಒಂದೇ ಒಂದು ಹೊಲಿಗೆ ಪಕ್ಕದ ಚೌಕಕ್ಕೆ ಸರಿದರೂ ಇಡೀ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ, ಮತ್ತು ಆ ಸಾಲಿನಿಂದ ಫೈಲನ್ನು ಹಿಂದಕ್ಕೆ ಕಟ್ಟಲು ಬರುವುದಿಲ್ಲ. ಡಿಜಿಟಲ್ ಸಹಿ ಎಂದರೆ ಈ ಹ್ಯಾಶಿನ ಮೇಲೆ ನಿಮ್ಮ ಖಾಸಗಿ ಕೀಲಿಯಿಂದ ಮಾಡಿದ ಲೆಕ್ಕ, ಅದನ್ನು ನಿಮ್ಮ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆ ಕೀಲಿ ಇಂಥವರದೆಂದು ಹೇಳುವ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ ಅವರ ಪರವಾನಗಿ ಪಡೆದ ಸಂಸ್ಥೆಗಳು ಕೊಡುತ್ತವೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೆಯ ಕಲಮು ಹೇಳುವುದೂ ಇದೇ ಜೋಡಿಕೀಲಿ ಮತ್ತು ಹ್ಯಾಶಿನ ವಿಧಾನವನ್ನು.

ಇಲ್ಲಿಯವರೆಗೆ ಸರಿ, ತೊಡಕಿರುವುದು ದಿನಾಂಕದಲ್ಲಿ. ಬರೀ ಡಿಎಸ್‌ಸಿಯಿಂದ ಪಿಡಿಎಫ್‌ಗೆ ಸಹಿ ಮಾಡಿ, ಅಕ್ರೊಬ್ಯಾಟ್ ರೀಡರಿನಲ್ಲಿ ಸಹಿಯ ವಿವರ ತೆರೆದು ನೋಡಿ: ಸಹಿಯ ಸಮಯವನ್ನು ಸಹಿ ಮಾಡಿದವರ ಕಂಪ್ಯೂಟರಿನ ಗಡಿಯಾರದಿಂದ ತೆಗೆದುಕೊಳ್ಳಲಾಗಿದೆ ಎಂದು ಅದೇ ಹೇಳುತ್ತದೆ. ಗಡಿಯಾರ ನಿಮ್ಮ ಕೈಯಲ್ಲಿದೆ. ಪ್ರಮಾಣಪತ್ರ ಕೊಟ್ಟ ದಿನಕ್ಕಿಂತ ಹಿಂದಕ್ಕೆ ತಿರುಗಿಸಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ, ಆದರೆ ಪ್ರಮಾಣಪತ್ರದ ಅವಧಿಯೊಳಗಿನ ಯಾವ ದಿನವನ್ನು ಬೇಕಾದರೂ ಹಾಕಿಕೊಳ್ಳಬಹುದು. ಎದುರಾಳಿಯ ವಕೀಲರು ಮೊದಲು ಕೈ ಇಡುವುದು ಇಲ್ಲಿಯೇ.

ಟೈಮ್‌ಸ್ಟಾಂಪ್ ಈ ತೂತನ್ನು ಮುಚ್ಚುತ್ತದೆ. 2001ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3161 ಎಂಬ ನಿಯಮದ ಪ್ರಕಾರ ನಿಮ್ಮ ತಂತ್ರಾಂಶ ಹ್ಯಾಶನ್ನು ಮಾತ್ರ ಟೈಮ್‌ಸ್ಟಾಂಪ್ ಸಂಸ್ಥೆಗೆ ಕಳಿಸುತ್ತದೆ. ಫೈಲು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಕದಲುವುದಿಲ್ಲ, ಆದ್ದರಿಂದ ಆ ಆತಂಕ ಬೇಡ. ಸಂಸ್ಥೆ ಆ ಹ್ಯಾಶ್, ತನ್ನ ಗಡಿಯಾರದ ಸಮಯ, ಒಂದು ಕ್ರಮಸಂಖ್ಯೆ ಇವುಗಳನ್ನು ಸೇರಿಸಿ ತನ್ನ ಸಹಿ ಹಾಕಿದ ಸಣ್ಣದೊಂದು ಟೋಕನ್ನನ್ನು ಹಿಂದಿರುಗಿಸುತ್ತದೆ. ಭಾರತದಲ್ಲಿ ಪರವಾನಗಿ ಇರುವ ಸಂಸ್ಥೆಗಳು ಈ ಸೇವೆಯನ್ನು ಕಂಟ್ರೋಲರರ ಮಾರ್ಗಸೂಚಿಯಂತೆ ನಡೆಸುತ್ತವೆ, ಅವುಗಳ ಗಡಿಯಾರ ಭಾರತೀಯ ಪ್ರಮಾಣ ಕಾಲವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಕ್ಕೆ ಹೊಂದಿರಬೇಕು. ಈ ವಿಚಾರ ಹೊಸದೇನಲ್ಲ. ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ 1991ರಲ್ಲಿಯೇ ಡಿಜಿಟಲ್ ದಾಖಲೆಗಳಿಗೆ ಕಾಲದ ಮುದ್ರೆ ಒತ್ತುವ ಬಗೆಯನ್ನು ಬರೆದಿದ್ದರು. ಅವರ ಕಂಪನಿ 1995ರಿಂದ ಎಲ್ಲ ಗ್ರಾಹಕರ ಹ್ಯಾಶುಗಳನ್ನು ಸೇರಿಸಿ ತೆಗೆದ ಒಂದೇ ಸಾಲನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಿರುಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಅಚ್ಚಾಗಿ ಊರೆಲ್ಲ ಹಂಚಿಹೋದ ಪತ್ರಿಕೆಯನ್ನು ಆಮೇಲೆ ತಿದ್ದುವವರು ಯಾರು?

ಯಜಮಾನರ ಟೋಕನ್ನನ್ನು ದಯವಿಟ್ಟು ಮುಟ್ಟಬೇಡಿ. ಅದರಲ್ಲಿರುವ ಪ್ರಮಾಣಪತ್ರ ಅವರ ಹೆಸರಿನದು, ಆದ್ದರಿಂದ ನಿಮ್ಮ ನಕ್ಷೆಗೆ ಅವರು ಸಹಿ ಹಾಕಿದರೆಂದು ದಾಖಲಾಗುತ್ತದೆ. ಅಲ್ಲದೆ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಯೇ ಇಟ್ಟುಕೊಳ್ಳುವ ಹೊಣೆ ಪಡೆದವರದೇ ಎಂದು ಕಾಯ್ದೆಯ 42ನೆಯ ಕಲಮು ಹೇಳುತ್ತದೆ. ನಿಮ್ಮ ಹೆಸರಿನಲ್ಲಿಯೇ ಕ್ಲಾಸ್ 3 ಪ್ರಮಾಣಪತ್ರ ಪಡೆಯಿರಿ, ಕ್ಲಾಸ್ 2 ಕೊಡುವುದು 2021ರ ಆರಂಭದಿಂದ ನಿಂತಿದೆ. ಅದು ಬೇಡವೆನಿಸಿದರೆ ಆಧಾರ್ ಆಧಾರಿತ ಇ-ಸೈನ್ ಎಂಬ ಆನ್‌ಲೈನ್ ಸಹಿ ಉಂಟು, ನಿಮ್ಮ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕೂಡ ಅದನ್ನು ಒದಗಿಸುವವರಲ್ಲಿ ಒಂದು. ಸಹಿ ಹಾಕಿದ ಮೇಲೆ ಪಿಡಿಎಫ್ ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿಯಾಗಬೇಡಿ. ಇ-ಆಧಾರ್ ಇಳಿಸಿಕೊಂಡಾಗ ಎಲ್ಲರಿಗೂ ಕಾಣುವುದು ಅದೇ, ರೀಡರಿಗೆ ಆ ಪ್ರಮಾಣಪತ್ರದ ಮೂಲದ ಪರಿಚಯವಿಲ್ಲ ಎಂದಷ್ಟೇ ಅದರ ಅರ್ಥ, ಸಹಿ ಸುಳ್ಳೆಂದಲ್ಲ.

ಡಿಎಸ್‌ಟಿ ಫೈಲಿನೊಳಗೆ ಸಹಿ ಕೂರಿಸಲು ಜಾಗವಿಲ್ಲ, ಕೂರಿಸಹೋದರೆ ಯಂತ್ರ ಓದದು. ಅದಕ್ಕೆ ಬೇರೆ ದಾರಿ ಇದೆ. ಒಂದು ನಕ್ಷೆಗೆ ಸಂಬಂಧಿಸಿದ ಎಲ್ಲ ಫೈಲುಗಳ ಹೆಸರು ಮತ್ತು ಹ್ಯಾಶುಗಳನ್ನು ಒಂದು ಪುಟದಲ್ಲಿ ಪಟ್ಟಿ ಮಾಡಿ (ವಿಂಡೋಸಿನಲ್ಲಿಯೇ ಇರುವ ಸರ್ಟ್‌ಯುಟಿಲ್ ಹ್ಯಾಶ್ ತೆಗೆದುಕೊಡುತ್ತದೆ), ಆ ಪುಟವನ್ನು ಪಿಡಿಎಫ್ ಮಾಡಿ, ಅದಕ್ಕೆ ಸಹಿಯನ್ನೂ ಟೈಮ್‌ಸ್ಟಾಂಪನ್ನೂ ಹಾಕಿ. ಆ ಪಟ್ಟಿಯಲ್ಲಿ ಸಿದ್ಧವಾದ ನಕ್ಷೆಗಿಂತ ಮುಖ್ಯವಾಗಿ ಇರಬೇಕಾದದ್ದು ಕಚ್ಚಾ ಕೆಲಸ: ಮೊದಲ ಪೆನ್ಸಿಲ್ ಹಾಳೆಯ ಸ್ಕ್ಯಾನು, ಪದರಗಳಿರುವ ಮೂಲ ಫೈಲು, ಕೈಬಿಟ್ಟ ಮೂಲೆಗಳು. ಕದ್ದವರ ಬಳಿ ಸಿದ್ಧ ನಕ್ಷೆ ಇರುತ್ತದೆ, ಅದರ ಹಿಂದಿನ ಹೆಜ್ಜೆಗಳು ಇರುವುದಿಲ್ಲ. ಇಷ್ಟನ್ನೂ ಮೊದಲ ಸಲ ಹೊರಗಿನವರಿಗೆ ಕಳಿಸುವ ಮುನ್ನ ಮಾಡಬೇಕು, ಆಮೇಲೆ ಮಾಡಿದರೆ ಅವರೂ ನಿಮ್ಮೊಡನೆ ಓಟಕ್ಕೆ ಇಳಿಯುತ್ತಾರೆ.

ಟೈಮ್‌ಸ್ಟಾಂಪ್ ಸಂಸ್ಥೆ ಕೊಟ್ಟ ಟೋಕನ್ನನ್ನು ಫೈಲಿನ ಜೊತೆಗೆ ನಿಮ್ಮ ಬಳಿಯೇ ಕಾಪಾಡಿಕೊಳ್ಳಿ, ಅವರ ಪೋರ್ಟಲಿನಲ್ಲಿ ಇದೆಯಲ್ಲ ಎಂದು ಬಿಡಬೇಡಿ. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯೇ 2020ರಲ್ಲಿ ವೈಪೊ ಪ್ರೂಫ್ ಎಂಬ ಟೈಮ್‌ಸ್ಟಾಂಪ್ ಸೇವೆ ತೆರೆದು 2022ರಲ್ಲಿ ಮುಚ್ಚಿತು. ಇನ್ನು ಮಾವನವರ ಅಂಚೆ ಲಕೋಟೆಯ ವಿಚಾರ: ಅಂಟಿಸದ ಖಾಲಿ ಲಕೋಟೆಯನ್ನು ಇವತ್ತು ಕಳಿಸಿಕೊಂಡು, ಅದರೊಳಗೆ ಮುಂದಿನ ವರ್ಷ ಏನನ್ನಾದರೂ ತುಂಬಿ ಅಂಟಿಸಬಹುದು ಎಂದು ಎದುರಿನವರು ಹೇಳಿದರೆ ಅದಕ್ಕೆ ಮರುಮಾತಿಲ್ಲ.

ಕರಿಕೋಟು (ದಾದರ್, ಮುಂಬಯಿ) ಬರೆದದ್ದು:

ಠಾಣೆಯವರು ಮೂರನೆಯ ಪ್ರಶ್ನೆಯನ್ನು ಬಿಟ್ಟುಕೊಟ್ಟಿದ್ದಾರೆ, ಅದು ನಮ್ಮ ಕಸುಬಿನದು. ನಿಮ್ಮ ಕಾಗದಪತ್ರ ನೋಡದೆ ನಿಮ್ಮ ಪ್ರಕರಣದ ಬಗ್ಗೆ ನಾನು ಅಭಿಪ್ರಾಯ ಹೇಳಲಾರೆ, ಕಾನೂನು ಹೇಗಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ಅದನ್ನು ರಚಿಸಿದ ಕ್ಷಣದಲ್ಲಿಯೇ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಬಾಂಬೆ ಹೈಕೋರ್ಟು 2021ರಲ್ಲಿ ಸಂಜಯ್ ಸೋಯಾ ಪ್ರಕರಣದಲ್ಲಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿದೆ. ಹಾಗೆಂದು ನೋಂದಣಿ ನಿರುಪಯೋಗಿಯೂ ಅಲ್ಲ: 48ನೆಯ ಕಲಮಿನಂತೆ ಕೃತಿಸ್ವಾಮ್ಯದ ರಿಜಿಸ್ಟರಿನಲ್ಲಿರುವ ನಮೂದು ಮೇಲ್ನೋಟದ ಸಾಕ್ಷ್ಯವಾಗುತ್ತದೆ, ಅಂದರೆ ಅದನ್ನು ಅಲ್ಲಗಳೆಯುವ ಭಾರ ಎದುರು ಪಕ್ಷದ ಮೇಲೆ ಬೀಳುತ್ತದೆ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗಳಿಗಾಗಿ 30 ದಿನ ಕಾಯಿಸುತ್ತಾರೆ. ಎಲ್ಲ ನಕ್ಷೆಗಳನ್ನೂ ನೋಂದಾಯಿಸಲು ಹೋಗಬೇಡಿ, ನಿಮಗೆ ಅನ್ನ ಕೊಡುವ ಕೆಲವನ್ನು ನೋಂದಾಯಿಸಿದರೆ ಸಾಕು.

ಹಕ್ಕು ಇರುವುದು ಯಾವುದರ ಮೇಲೆ ಎಂಬುದನ್ನು ನೀವೇ ಚೆನ್ನಾಗಿ ಬರೆದಿದ್ದೀರಿ. ತೇರು, ಗೋಪುರಗಳ ಮೇಲೆ ಯಾರಿಗೂ ಸ್ವಾಮ್ಯವಿಲ್ಲ. ಕಸೂತಿಗೆ ಭೌಗೋಳಿಕ ಸೂಚಿಯ (ಜಿಐ) ನೋಂದಣಿ ಇರುವುದೂ ಒಂದು ಕುಶಲಕಲೆಗೆ, ಯಾರದೋ ಒಬ್ಬರ ಚಿತ್ರಕ್ಕಲ್ಲ. ನಿಮ್ಮದು ಆಯ್ಕೆ, ಜೋಡಣೆ, ಮೂಲೆಯ ತಿರುವು. ಆದ್ದರಿಂದ ಹೋಲಿಕೆ ಮಾಡುವಾಗ ಇಡೀ ಸೆರಗನ್ನು ಮುಂದಿಟ್ಟು ನೋಡಿ ಎನ್ನಬೇಡಿ, ಹಳೆಯ ಸೀರೆಗಳಲ್ಲಿ ಎಲ್ಲಿಯೂ ಸಿಗದ ಆ ಮೂಲೆಯನ್ನು ಎರಡೂ ನಕ್ಷೆಗಳಲ್ಲಿ ಪಕ್ಕಪಕ್ಕದಲ್ಲಿ ತೋರಿಸಿ. ನೀವು ಎಣಿಕೆಯಲ್ಲಿ ಬಿಟ್ಟ ಒಂದು ತಪ್ಪು ಹೊಲಿಗೆ ಅವರ ನಕ್ಷೆಯಲ್ಲಿಯೂ ಅದೇ ಚೌಕದಲ್ಲಿದ್ದರೆ ಅದು ಯಾವ ಟೈಮ್‌ಸ್ಟಾಂಪಿಗಿಂತಲೂ ಜೋರಾಗಿ ಮಾತಾಡುತ್ತದೆ.

ಎರಡು ಅಪಾಯಗಳನ್ನು ಹೇಳಲೇಬೇಕು. ಒಂದು ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮು. ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ನೀವಾಗಲಿ ನಿಮ್ಮ ಅನುಮತಿ ಪಡೆದವರಾಗಲಿ ಅದನ್ನು ಕೈಗಾರಿಕಾ ವಿಧಾನದಿಂದ ವಸ್ತುವಿನ ಮೇಲೆ 50ಕ್ಕಿಂತ ಹೆಚ್ಚು ಸಲ ಮೂಡಿಸಿದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ನಿಮ್ಮ ಡಿಎಸ್‌ಟಿ ಕೊಂಡವರು ಯಂತ್ರದಲ್ಲಿ ಸಾಲುಸಾಲಾಗಿ ಸೀರೆ ತೆಗೆದರೆ ಎದುರಿನವರು ಈ ವಾದ ಎತ್ತುತ್ತಾರೆ, ಕೈಕಸೂತಿಯ ಪಿಡಿಎಫ್‌ಗೆ ಅದು ಅಷ್ಟು ಸುಲಭವಾಗಿ ತಗಲುವುದಿಲ್ಲ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಬೇಕಾದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ, ಆದರೆ ಮೊದಲೇ ಇನ್‌ಸ್ಟಾಗ್ರಾಂನಲ್ಲಿ ಹಾಕಿಬಿಟ್ಟ ವಿನ್ಯಾಸ ಹೊಸದೆನಿಸಿಕೊಳ್ಳುವುದಿಲ್ಲ. ಎರಡನೆಯ ಅಪಾಯ ಕೃತಿಸ್ವಾಮ್ಯ ಕಾಯ್ದೆಯದೇ 17ನೆಯ ಕಲಮು: ನೌಕರಿಯಲ್ಲಿದ್ದುಕೊಂಡು ಅದರ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಧಣಿಗೆ ಸೇರುತ್ತದೆ. ನೀವು ಸ್ವತಂತ್ರವಾಗಿ ಕೆಲಸ ಮಾಡುವವರು, ಅದನ್ನು ಹಾಗೆಯೇ ಉಳಿಸಿಕೊಳ್ಳಿ.

ಇನ್ನು ನ್ಯಾಯಾಲಯಕ್ಕೆ ಇವನ್ನು ಒಯ್ಯುವ ಬಗೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಬಂದಿದೆ. ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದಕ್ಕೆ ದಾಖಲೆ ಹಾಜರುಪಡಿಸುವವರು ಸಹಿ ಮಾಡಬೇಕು, ಇನ್ನೊಂದಕ್ಕೆ ತಜ್ಞರು. ಎರಡರಲ್ಲಿಯೂ ಹ್ಯಾಶಿನ ಸಾಲನ್ನು ಬರೆಯಬೇಕು, ಯಾವ ವಿಧಾನದ ಹ್ಯಾಶ್ ಎಂಬುದಕ್ಕೆ ನಮೂನೆಯಲ್ಲಿಯೇ ಎಂಡಿ5, ಎಸ್‌ಎಚ್‌ಎ1, ಎಸ್‌ಎಚ್‌ಎ256 ಎಂಬ ಚೌಕಗಳಿವೆ. (ಎಸ್‌ಎಚ್‌ಎ1ರಲ್ಲಿ ಒಂದೇ ಹ್ಯಾಶ್ ಬರುವ ಎರಡು ಬೇರೆ ಪಿಡಿಎಫ್‌ಗಳನ್ನು 2017ರಲ್ಲಿಯೇ ಮಾಡಿ ತೋರಿಸಿದ್ದಾರೆ, ಆದ್ದರಿಂದ ಕೊನೆಯದನ್ನೇ ಆರಿಸಿ.) ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಗಟ್ಟಿ ಮಾಡಿತು, ಅದು ನಮ್ಮ ಮಹಾರಾಷ್ಟ್ರದ ಜಾಲ್ನಾದ ಚುನಾವಣಾ ತಕರಾರು. ಮೂಲ ಉಪಕರಣವನ್ನೇ ಅದರ ಒಡೆಯರು ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಪ್ರಮಾಣಪತ್ರ ಬೇಡ ಎಂದೂ ಅದೇ ತೀರ್ಪು ಹೇಳಿತ್ತು, ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ.

ಗವಂತಿ (ಕೋತ್ರೂಡ್, ಪುಣೆ):

ಇಬ್ಬರಿಗೂ ತುಂಬ ಉಪಕಾರವಾಯಿತು. ಹಳೆಯ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ, ಪುಣ್ಯಕ್ಕೆ ಯಾರೂ ಮಾರಿಲ್ಲ. ಎರಡು ಸಂದೇಹ ಉಳಿದಿವೆ. ಇಷ್ಟು ವರ್ಷಗಳ ನಕ್ಷೆಗಳಿಗೆ ಯಾವ ಟೈಮ್‌ಸ್ಟಾಂಪೂ ಇಲ್ಲ, ಈಗ ಹಾಕಿಸಿದರೆ ಈಗಿನ ದಿನಾಂಕವೇ ತಾನೆ ಬರುವುದು? ಮತ್ತು ಗಿರಾಕಿಗೆ ತಕ್ಕಂತೆ ನಾನು ನಕ್ಷೆಯನ್ನು ಮತ್ತೆಮತ್ತೆ ತಿದ್ದುತ್ತಿರುತ್ತೇನೆ, ಪ್ರತಿ ಸಲವೂ ದುಡ್ಡು ಕೊಟ್ಟು ಟೈಮ್‌ಸ್ಟಾಂಪ್ ಹಾಕಿಸುತ್ತ ಕೂರಬೇಕೇ?

ಸಾಲು ಕಂಬ (ಮಡಗಾಂವ್, ಗೋವಾ) ಬರೆದದ್ದು:

ಎರಡನೆಯ ಸಂದೇಹಕ್ಕೆ ನನ್ನದೊಂದು ಮಾತು. ನಾನು ಹಳೆಯ ಮನೆಗಳ ಅಳತೆ ತೆಗೆದು ನಕಾಶೆ ಮಾಡುವವನು, ದಿನಕ್ಕೆ ಹತ್ತಾರು ಸಲ ಫೈಲು ಉಳಿಸುತ್ತೇನೆ. ನಾನು ಬಳಸುವುದು ಓಪನ್‌ಟೈಮ್‌ಸ್ಟಾಂಪ್ಸ್. ಅದಕ್ಕೆ ದುಡ್ಡಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಅದೂ ಹ್ಯಾಶನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದು ಅಸಂಖ್ಯ ಜನರ ಹ್ಯಾಶುಗಳನ್ನು ಜೋಡಿಜೋಡಿಯಾಗಿ ಸೇರಿಸುತ್ತ ಒಂದೇ ಹ್ಯಾಶಿಗೆ ಇಳಿಸಿ, ಅದನ್ನು ಬಿಟ್‌ಕಾಯಿನ್ನಿನ ಸರಪಳಿಯಲ್ಲಿ (ಬ್ಲಾಕ್‌ಚೈನ್ ಎಂದರೆ ಇದೇ) ಬರೆಸುತ್ತದೆ, ನಿಮ್ಮ ಹ್ಯಾಶಿನಿಂದ ಆ ಬರಹದವರೆಗಿನ ದಾರಿಯನ್ನು ಸಣ್ಣ ಫೈಲಿನಲ್ಲಿ ನಿಮಗೆ ಕೊಡುತ್ತದೆ. ಬಿಟ್‌ಕಾಯಿನ್ ಕೊಳ್ಳಬೇಕೆಂದೇನೂ ಇಲ್ಲ. ಯಾವ ಸಂಸ್ಥೆ ಮುಚ್ಚಿದರೂ ಆ ಸರಪಳಿ ಎಲ್ಲರ ಬಳಿಯೂ ಇರುತ್ತದೆ. ಸರ್ಕಾರಿ ಪರವಾನಗಿಯ ಮುದ್ರೆಯೇ ಬೇಕೆಂಬ ಹಟ ನನಗಂತೂ ಅರ್ಥವಾಗುವುದಿಲ್ಲ.

ಸಹಿಪುಟ (ಠಾಣೆ):

ಮಡಗಾಂವಿನವರ ಸಾಧನ ಗಟ್ಟಿಯದೇ, ಗಣಿತದ ಮಟ್ಟಿಗೆ ನನಗೆ ತಕರಾರಿಲ್ಲ. ಅದರ ಸಮಯ ಒಂದೆರಡು ಗಂಟೆ ಹೆಚ್ಚುಕಡಿಮೆ ಇರಬಹುದು, ತಿಂಗಳುಗಳ ಅಂತರದ ಜಗಳದಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ನ್ಯಾಯಾಧೀಶರಿಗೆ ಅದನ್ನು ಬುಡದಿಂದ ವಿವರಿಸಲು ಒಬ್ಬ ತಜ್ಞರು ಬೇಕಾಗುತ್ತಾರೆ, ಮತ್ತು ಸಹಿ ಅದರಲ್ಲಿ ಇಲ್ಲವೇ ಇಲ್ಲ. ನನ್ನ ಸಲಹೆಯೆಂದರೆ, ದಿನನಿತ್ಯದ ತಿದ್ದುಪಡಿಗಳಿಗೆ ಉಚಿತವಾದದ್ದನ್ನು ಬಳಸಿ, ನಕ್ಷೆ ಮಾರಾಟಕ್ಕೆ ಹೊರಡುವ ದಿನ ಹ್ಯಾಶ್ ಪಟ್ಟಿಗೆ ನಿಮ್ಮ ಸಹಿಯನ್ನೂ ಪರವಾನಗಿಯ ಟೈಮ್‌ಸ್ಟಾಂಪನ್ನೂ ಹಾಕಿಸಿ. ಪ್ರತಿ ತಿದ್ದುಪಡಿಯನ್ನೂ ಬೇರೆ ಹೆಸರಿನಲ್ಲಿ ಉಳಿಸಿ. ಹಳೆಯ ಫೈಲನ್ನು ಬರೀ ತೆರೆದು ಮತ್ತೆ ಉಳಿಸಿದರೂ ಕೆಲವು ತಂತ್ರಾಂಶಗಳು ಒಳಗಿನ ದಿನಾಂಕ ಬದಲಿಸುತ್ತವೆ, ಆಗ ಹ್ಯಾಶ್ ಹೋಯಿತು. ಜಿಪ್ ಮಾಡಿದ್ದನ್ನು ಬಿಚ್ಚಿ ಮತ್ತೆ ಜಿಪ್ ಮಾಡಿದರೂ ಅದೇ ಗತಿ.

ಹಳೆಯವಕ್ಕೆ ಈಗ ಹಾಕಿಸಿದರೆ ಈಗಿನ ದಿನಾಂಕವೇ ಬರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. ಆದರೂ ಇವತ್ತೇ ಎಲ್ಲಕ್ಕೂ ಒಂದು ಪಟ್ಟಿ ಮಾಡಿ ಹಾಕಿಸಿಬಿಡಿ, ನಾಳೆ ಹುಟ್ಟುವ ತಕರಾರುಗಳಿಗೆ ಅದು ಬೇಲಿ. ನಿನ್ನೆಯ ತಕರಾರಿಗೆ ಬೇರೆಯವರ ಗಡಿಯಾರ ಹುಡುಕಬೇಕು, ಅದು ನಿಮಗೇ ತಿಳಿಯದೆ ನಿಮ್ಮ ಬಳಿ ಇರಬಹುದು. ಆ ನಕ್ಷೆಯನ್ನು ಯಾರಿಗಾದರೂ ಇ-ಮೇಲಿನಲ್ಲಿ ಕಳಿಸಿದ್ದೀರಾ? ದೊಡ್ಡ ಇ-ಮೇಲ್ ಸೇವೆಗಳು ಹೊರಹೋಗುವ ಪತ್ರಕ್ಕೆ ಡಿಕಿಮ್ ಎಂಬ ತಮ್ಮದೇ ಡಿಜಿಟಲ್ ಸಹಿಯನ್ನು ಸದ್ದಿಲ್ಲದೆ ಹಾಕುತ್ತವೆ. ಸಾಮಾನ್ಯವಾಗಿ ಪತ್ರದ ದಿನಾಂಕ ಮತ್ತು ಲಗತ್ತು ಎರಡೂ ಆ ಸಹಿಯ ಅಡಿಯಲ್ಲಿ ಬರುತ್ತವೆ. ಅದು ಸಿಗುವುದು ಪತ್ರ ಪಡೆದವರ ಇನ್‌ಬಾಕ್ಸಿನಲ್ಲಿ, ನಿಮ್ಮ ಕಳಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಅಲ್ಲ. ತಂಗಿಗೋ ಗೆಳತಿಗೋ ಕಳಿಸಿದ್ದರೆ ಅವರಿಂದ ಆ ಪತ್ರದ ಮೂಲ ರೂಪವನ್ನು ಇಡಿಯಾಗಿ ಇಳಿಸಿಕೊಳ್ಳಲು ಹೇಳಿ. ಮುಂದಕ್ಕೆ ಕಳಿಸಿದ ಪ್ರತಿ ಕೆಲಸಕ್ಕೆ ಬಾರದು. ಸೇವೆಗಳು ಆ ಕೀಲಿಯನ್ನು ಕಾಲಕಾಲಕ್ಕೆ ಬದಲಿಸುವುದರಿಂದ, ಸಿಕ್ಕಿದ ಕೂಡಲೇ ಪರೀಕ್ಷಿಸಿ, ಪರೀಕ್ಷಿಸಿದ್ದಕ್ಕೆ ದಾಖಲೆ ಮಾಡಿಟ್ಟುಕೊಳ್ಳಿ.

ವಾಟ್ಸಾಪ್ ಬಗ್ಗೆಯೂ ನಿಮಗೊಂದು ಅನುಕೂಲವಿದೆ. ಫೋಟೊ ಆಗಿ ಕಳಿಸಿದ್ದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಹ್ಯಾಶನ್ನು ಕೆಡಿಸಿರುತ್ತಿತ್ತು. ನೀವು ಕಳಿಸಿದ್ದು ಪಿಡಿಎಫ್, ಅದು ಡಾಕ್ಯುಮೆಂಟ್ ಆಗಿ ಬೈಟು ಬೈಟೂ ಹಾಗೆಯೇ ಹೋಗುತ್ತದೆ. ಹಾಗಾಗಿ ನಿಮ್ಮ ಫೋನಿನ ಆ ಮಾತುಕತೆಯಲ್ಲಿರುವ ಪಿಡಿಎಫ್‌ನ ಹ್ಯಾಶ್ ಮತ್ತು ಹಳೆಯ ಲ್ಯಾಪ್‌ಟಾಪಿನಲ್ಲಿರುವ ಪಿಡಿಎಫ್‌ನ ಹ್ಯಾಶ್ ಒಂದೇ ಬರಬೇಕು. ಬಂದರೆ, ಇಂಥ ದಿನ ನೀವೇ ಅವರಿಗೆ ಈ ಫೈಲನ್ನೇ ಕೊಟ್ಟಿರಿ ಎಂಬುದಕ್ಕೆ ಅಷ್ಟು ದೊಡ್ಡ ಆಧಾರ.

ಕರಿಕೋಟು (ದಾದರ್, ಮುಂಬಯಿ):

ಠಾಣೆಯವರ ಕೊನೆಯ ಮಾತಿಗೆ ನನ್ನದೊಂದು ಜೋಡಣೆ: ಆ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಮುದ್ರಿಸಿಟ್ಟರೆ ಸಾಲದು, ಅದು ಯಾರು ಬೇಕಾದರೂ ತಿದ್ದಬಹುದಾದ ಪಠ್ಯ. ಫೋನನ್ನೇ ಕಾಪಾಡಿ, ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಅವರ ಮಾರಾಟದ ಪುಟ ನಿಮ್ಮ ನೋಟಿಸು ತಲುಪಿದ ಮಧ್ಯಾಹ್ನವೇ ಮಾಯವಾಗುವ ಸಂಭವವಿದೆ, ಆದ್ದರಿಂದ ನೋಟಿಸಿಗೆ ಮುಂಚೆ ಅದನ್ನು ವಿಳಾಸ ಮತ್ತು ದಿನಾಂಕ ಕಾಣುವಂತೆ ಉಳಿಸಿ, ಆ ಉಳಿಸಿದ ಫೈಲಿಗೂ ಟೈಮ್‌ಸ್ಟಾಂಪ್ ಹಾಕಿಸಿ. ಅವರಿಂದ ಒಂದು ಪ್ರತಿಯನ್ನು ದುಡ್ಡು ಕೊಟ್ಟು ಕೊಂಡರೆ ಇನ್ನೂ ಮೇಲು, ರಸೀದಿಯ ಸಮೇತ ಅವರ ಫೈಲು ನಿಮ್ಮ ಕೈಗೆ ಬರುತ್ತದೆ, ಮೂಲೆಯ ಹೊಲಿಗೆಗಳನ್ನು ಅದರಲ್ಲಿಯೇ ಎಣಿಸಬಹುದು. ಊರು ಬಿಟ್ಟು ಓಡಾಡಬೇಕಾಗಿಲ್ಲ: ಕೃತಿಸ್ವಾಮ್ಯ ಕಾಯ್ದೆಯ 62ನೆಯ ಕಲಮಿನಂತೆ ದಾವೆ ಹೂಡುವವರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಹೂಡಬಹುದು, ನಿಮಗೆ ಅದು ಶಿವಾಜಿನಗರ.

ಮಡಗಾಂವಿನವರು ಕೇಳಿದ ಪರವಾನಗಿಯ ಮುದ್ರೆಯ ವಿಚಾರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಸುರಕ್ಷಿತವೆನಿಸಿದ ವಿದ್ಯುನ್ಮಾನ ಸಹಿಯನ್ನು, ಸಹಿದಾರರೇ ಒಪ್ಪಿ ಹಾಕಿದ್ದೆಂದು ನ್ಯಾಯಾಲಯ ಊಹಿಸಿಕೊಂಡೇ ಮುಂದುವರಿಯುತ್ತದೆ. ಸಾಕ್ಷ್ಯ ಅಧಿನಿಯಮದ 86ನೆಯ ಕಲಮು ಕೊಡುವ ಸವಲತ್ತು ಅದು. ಬೇರೆ ವಿಧಾನದ್ದನ್ನು ಕೋರ್ಟು ತಳ್ಳಿಹಾಕುವುದಿಲ್ಲ, ಸಾಬೀತಿನ ಭಾರ ನಿಮ್ಮ ಹೆಗಲ ಮೇಲೆ ಉಳಿಯುತ್ತದೆ ಅಷ್ಟೆ. ವಕೀಲರ ಶುಲ್ಕ ಲೆಕ್ಕ ಹಾಕುವವರಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಮುಂದಿನ ಮಾದರಿ ಕಳಿಸುವಾಗ ಪಿಡಿಎಫ್‌ಗಿಂತ ಮುಂಚೆ ಒಂದು ಪುಟದ ಒಪ್ಪಂದ ಹೋಗಲಿ. ನೋಡಲು ಮಾತ್ರ ಕೊಟ್ಟಿದೆ, ಹಕ್ಕು ವರ್ಗಾವಣೆಯಾಗಿಲ್ಲ, ಕೊಂಡರೆ ಇಂಥ ಬಳಕೆಗೆ ಇಷ್ಟು ಅವಧಿಗೆ ಎಂದು ಬರೆಯಿರಿ. ಅವಧಿ ಬರೆಯದ ವರ್ಗಾವಣೆಯನ್ನು ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮು 5 ವರ್ಷವೆಂದು ತಾನೇ ತುಂಬಿಕೊಳ್ಳುತ್ತದೆ, ಅದನ್ನು ಅದಕ್ಕೆ ಬಿಡಬೇಡಿ. ಆ ಪುಟದಲ್ಲಿ ನಕ್ಷೆಯ ಹ್ಯಾಶನ್ನೂ ಬರೆದು, ಇಬ್ಬರೂ ಇ-ಸೈನ್ ಮಾಡಿ. ಬುಟಿಕ್‌ನವರು ಸಹಿಗೆ ಹಿಂದೇಟು ಹಾಕಿದರೆ, ಕಡಿಮೆ ಗಾತ್ರದ, ಮೂಲೆಯ ಜಾಗವನ್ನು ಖಾಲಿ ಬಿಟ್ಟ ಚಿತ್ರವನ್ನಷ್ಟೇ ಕಳಿಸಿ.